ಹೆಪ್ಪಿನ ಮಗ್ಗುಲು

ನಮ್ಮೂರಿನಲ್ಲಿ ಹೆಣ್ಣು ನೋಡಲು ಬಂದವರು ಚಾಪೆಯ ಮೇಲೆ ಕೂತ ಕೂಡಲೇ ಹಿಟ್ಟಿನ ಬಣ್ಣ ಕೇಳುತ್ತಾರೆ. ಹುಡುಗಿಯ ಹೆಸರು ಆಮೇಲೆ. ಬಿಳಿಯೋ, ತಿಳಿಗೆಂಪೋ, ಇಟ್ಟಿಗೆಗೆಂಪೋ? ಬಿಳಿ ಅಂದರೆ ಆ ಮನೆಯವರಿಗೆ ದಿನಾ ಕನಸು ಬೀಳುತ್ತದೆ. ತಿಳಿಗೆಂಪು ಅಂದರೆ ಆಗೊಮ್ಮೆ ಈಗೊಮ್ಮೆ. ಕೆಂಪು ಅಂದರೆ ಏನೂ ಇಲ್ಲ. ಮಲಗಿದರೆ ಮಲಗಿದರು, ಎದ್ದರೆ ಎದ್ದರು. ಹಾಗಂತ ಕೆಂಪು ಹಿಟ್ಟಿನ ಮನೆಯಿಂದ ಹೆಣ್ಣು ತರಲು ಯಾರೂ ಹಿಂದೆಮುಂದೆ ನೋಡುವುದಿಲ್ಲ. ಅವರ ರೊಟ್ಟಿಯೂ ಉಬ್ಬುತ್ತದೆ, ಅವರ ಮಕ್ಕಳೂ ನಗುತ್ತವೆ. ಆದರೂ ಕೇಳುತ್ತಾರೆ. ಕೇಳುವುದು ಒಂದು ಮರ್ಯಾದೆ.

ಪ್ರತಿ ಮನೆಯ ಒಲೆಯ ಪಕ್ಕ ಒಂದು ಹೆಪ್ಪಿನ ಗಡಿಗೆ ಇರುತ್ತದೆ. ನಿನ್ನೆಯ ಹಿಟ್ಟಿನಲ್ಲಿ ಒಂದು ಮುಷ್ಟಿ ಉಳಿಸಿ ಇವತ್ತಿನ ಹಿಟ್ಟಿಗೆ ಸೇರಿಸುತ್ತೇವೆ. ಅದು ಉಬ್ಬಿದ ಮೇಲೆ ರೊಟ್ಟಿ ಸುಟ್ಟು, ನಾಳೆಗೆ ಮತ್ತೆ ಒಂದು ಮುಷ್ಟಿ ಉಳಿಸುತ್ತೇವೆ. ಒಂದು ಗಡಿಗೆಯ ರೊಟ್ಟಿ ತಿಂದವರಿಗೆಲ್ಲ ಒಂದೇ ಕನಸು. ಅಪ್ಪ ಕಂಡದ್ದನ್ನೇ ಮಗ ಕಾಣುತ್ತಾನೆ, ಬಾಣಂತನಕ್ಕೆ ಬಂದ ಮಗಳೂ ಕಾಣುತ್ತಾಳೆ. ಆಗಷ್ಟೇ ರೊಟ್ಟಿ ಚೀಪಲು ಕಲಿತ ಕೂಸು ನಿದ್ದೆಯಲ್ಲಿ ಕೈ ಚಾಚಿದರೆ, "ಬಂತು, ಕಂದನಿಗೂ ಬಂತು," ಅಂತ ಮನೆಯವರು ದೃಷ್ಟಿ ತೆಗೆಯುತ್ತಾರೆ. ಬೆಳಗ್ಗೆ ಎದ್ದು ಆ ಮಾತು ಆಡುವವರು ಕಡಿಮೆ. ಎಲ್ಲರೂ ನೋಡಿದ್ದನ್ನು ಏನಂತ ಮಾತಾಡುವುದು?

ಕನಸು ಮೂಲದಲ್ಲಿ ಊರಿಗೆಲ್ಲ ಒಂದೇ. ಒಂದು ಹೊಳೆ, ಒಂದು ಹರಿಗೋಲು, ಅದರಲ್ಲಿ ಒಬ್ಬ ಆಳು. ನಮ್ಮೂರಿಗೆ ಹೊಳೆಯೇ ಇಲ್ಲ, ಅದು ಬೇರೆ ಮಾತು. ಮೂರು ಬಾವಿ, ಒಂದು ಕಟ್ಟೆ, ಅಷ್ಟೆ. ಎಚ್ಚರದಲ್ಲಿ ಹರಿಗೋಲು ನೋಡಿದವರನ್ನು ಕೈಬೆರಳಲ್ಲಿ ಎಣಿಸಬಹುದು. ಆದರೆ ಆ ಒಂದೇ ಕನಸು ಒಂದೊಂದು ಮನೆಯಲ್ಲಿ ಒಂದೊಂದು ಮಗ್ಗುಲಿಗೆ ಹೊರಳಿಕೊಂಡಿರುತ್ತದೆ. ಒಂದು ಮನೆಯಲ್ಲಿ ಹರಿಗೋಲು ಹೋಗುತ್ತದೆ, ಇನ್ನೊಂದರಲ್ಲಿ ಬರುತ್ತದೆ, ಚಮ್ಮಾರ ಬೀದಿಯ ಒಂದು ಮನೆಯಲ್ಲಿ ನಿಂತಲ್ಲೇ ಬುಗುರಿಯ ಹಾಗೆ ಸುತ್ತುತ್ತದೆ. ಆ ಮನೆಯವರು ಎದ್ದಾಗ ಗೋಡೆ ಹಿಡಿದುಕೊಂಡು ನಡೆಯುತ್ತಾರೆ. ನಿಮ್ಮ ಮನೆಯದು ಯಾವ ಮಗ್ಗುಲು ಅಂತ ಯಾರು ಬೇಕಾದರೂ ಕೇಳಬಹುದು, ಹೇಳಬಹುದು. ಅದರೊಳಗೆ ಕಂಡದ್ದನ್ನು ಮಾತ್ರ ಹೊರಗಿನವರಿಗೆ ಹೇಳಬಾರದು. ಹೇಳಿದರೆ ಹೆಪ್ಪು ಹಳಸುತ್ತದೆ. ಮದುವೆಯಾದ ಮೂರನೆಯ ದಿನ ಹೆಣ್ಣಿನ ಮನೆಯ ಗಡಿಗೆ, ಗಂಡಿನ ಮನೆಯ ಗಡಿಗೆ ಎರಡನ್ನೂ ಕೂಡಿಸಿ, ಕೂಡಿದ್ದನ್ನು ಎರಡು ಪಾಲು ಮಾಡಿ ಎರಡೂ ಮನೆಯವರು ಒಯ್ಯುತ್ತಾರೆ. ಆಗ ಬೀಗರಿಗೆ ಬೀಗರು ಕನಸು ಹೇಳಿಕೊಳ್ಳಬಹುದು. ಅದಕ್ಕೆ ಮುಂಚೆ ತುಟಿ ಬಿಚ್ಚುವ ಹಾಗಿಲ್ಲ.

ನಾನು ದೇವೀರಮ್ಮ, ಈ ಊರಿಗೆಲ್ಲ ಹೆಪ್ಪು ಕಡಿಯುತ್ತಿದ್ದವಳು. ಕೈಯಲ್ಲಿ ಒಂದು ಹಿತ್ತಾಳೆ ತಗಡು ಹಿಡಿದು ಬೆಳಗ್ಗೆ ಮನೆಮನೆಗೆ ಹೋಗಿ, ಗಡಿಗೆಯಲ್ಲಿರುವ ಹೆಪ್ಪಿಗೆ ಒಂಬತ್ತು ಏಟು ಹಾಕಿ ಬರುವುದು ನನ್ನ ಕೆಲಸ. ಕಡಿಯದೆ ಬಿಟ್ಟರೆ ಕನಸು ಮುದ್ದೆಯಾಗಿ ಒಂದೇ ಕಡೆ ಕೂತುಬಿಡುತ್ತದೆ, ಹೊಸ ಹಿಟ್ಟಿಗೆ ಇಳಿಯುವುದಿಲ್ಲ. ಕಡಿದರೆ ಚೂರುಚೂರಾಗಿ ಮೂಲೆಮೂಲೆಗೂ ಹೋಗಿ, ಅಕ್ಕಪಕ್ಕದ ಹಿಟ್ಟನ್ನೂ ತನ್ನ ಹಾಗೇ ಮಾಡಿಕೊಳ್ಳುತ್ತದೆ. ಈ ಕೆಲಸ ಕಲಿಸಿದವಳು ನನ್ನ ಅತ್ತೆ. "ಒಂಬತ್ತಕ್ಕಿಂತ ಜಾಸ್ತಿ ಕಡಿದ್ರೆ ಏನಾಯ್ತದೆ ಅತ್ತೆ?" ಅಂತ ಹೊಸದರಲ್ಲಿ ಕೇಳಿದ್ದೆ. "ಕಡಿದು ನೋಡು, ನಿನ್ನ ಕೈ ಕಡೀತೀನಿ," ಅಂದಿದ್ದಳು. ಸಾಯುವ ಮುಂಚೆ ಹತ್ತಿರ ಕರೆದು ಹೇಳಿದಳು: "ಜಾಸ್ತಿ ಕಡಿದ್ರೆ ಕರಗೋಯ್ತದೆ ಕಣೆ. ಪೂರಾ ಕರಗೋಯ್ತದೆ. ಈ ಮಾತು ನನ್ನ ಹೊಟ್ಟೇಲಿತ್ತು, ಇನ್ನು ನಿನ್ನ ಹೊಟ್ಟೇಲಿರ್ಲಿ." ಊರವರು ತಿಳಿದದ್ದು ಇದರ ತಿರುಗುಮುರುಗು. ಹಿಟ್ಟು ಕೆಂಪಗಾದರೆ ಇನ್ನೂ ನಾಲ್ಕು ಏಟು ಬಿದ್ದರೆ ಸರಿಹೋಗುತ್ತದೆ ಅಂತ ಅವರ ಲೆಕ್ಕ. ನಾವು ತಿದ್ದಲು ಹೋಗಿರಲಿಲ್ಲ.

ನಮ್ಮ ಮನೆಯದು ತಿಳಿಗೆಂಪು, ಬರುವ ಮಗ್ಗುಲು. ಹದಿನೈದು ದಿನಕ್ಕೋ ತಿಂಗಳಿಗೋ ಒಂದು ಸಲ, ಅದೂ ಮಂಜಿನೊಳಗೆ ಕಂಡ ಹಾಗೆ. ಆ ಕನಸಿಗಾಗಿ ನಾನು ಹನ್ನೊಂದು ವರ್ಷ ಕಾದೆ. ಯಾಕೆ ಅಂತ ಹೇಳುತ್ತೇನೆ.

ನನ್ನ ಗಂಡನಿಗೆ ನಾಲಿಗೆ ಉದ್ದ ಅಲ್ಲ, ರುಚಿ ಜಾಸ್ತಿ. ಏನು ಮಾಡಿಟ್ಟರೂ ಉಪ್ಪು ಸಾಲದು. ಸೊಂಟದ ಪಂಚೆಯ ಗಂಟಿನಲ್ಲಿ ಒಂದು ಚಿಟಿಕೆ ಉಪ್ಪು ಕಟ್ಟಿಕೊಂಡೇ ತಿರುಗುತ್ತಿದ್ದ ಪುಣ್ಯಾತ್ಮ. ಒಂದು ದಿನ ನಾನು ನಲವತ್ತು ಮನೆ ಹೆಪ್ಪು ಕಡಿದು, ತೋಳು ಬಿದ್ದುಹೋದ ಹಾಗಾಗಿ ಬಂದು ರೊಟ್ಟಿ ಸುಟ್ಟು ಮುಂದಿಟ್ಟರೆ, ಒಂದು ಚೂರು ಬಾಯಿಗೆ ಹಾಕಿಕೊಂಡು "ಉಪ್ಪು ಸಾಲ್ದು" ಅಂದ. ನನಗೆ ಎಲ್ಲಿತ್ತೋ ಸಿಟ್ಟು. "ಉಪ್ಪಿರೋ ಕಡೆ ಹೋಗಿ ಉಣ್ಣು," ಅಂದೆ. ಅವನು ನಗುತ್ತಾ ಕೈ ತೊಳೆಯಲು ಹಿತ್ತಲಿಗೆ ಹೋದ. ನಾನು ಒಳಗಿನಿಂದ ಚಿಲಕ ಹಾಕಿದೆ. ತಟ್ಟಿದ, ತೆಗೆಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ತಟ್ಟುವುದು ನಿಂತಿತು. ಬಾಗಿಲು ತೆಗೆದಾಗ ಹಿತ್ತಲಲ್ಲಿ ಯಾರೂ ಇಲ್ಲ. ಕಿಟಕಿಯ ಕಟ್ಟೆಯ ಮೇಲೆ ಆರಲು ಇಟ್ಟಿದ್ದ ರೊಟ್ಟಿಯಲ್ಲಿ ಒಂದು ಕಡಿಮೆ ಇತ್ತು. ಬೆಕ್ಕಿನ ಕೆಲಸ ಅಂದುಕೊಂಡು ಬೆಕ್ಕಿಗೆ ಪೊರಕೆಯಲ್ಲಿ ಬಾರಿಸಿದೆ. ಇಪ್ಪತ್ತೆರಡನೆಯ ದಿನ ಸುದ್ದಿ ಬಂತು. ಉಪ್ಪು ಮಾಡುವ ಯಾವುದೋ ಊರಿಗೆ ಕೂಲಿಗೆ ಹೋಗಿದ್ದನಂತೆ, ಅಲ್ಲಿ ಜ್ವರ ಬಂದು ತೀರಿಹೋದನಂತೆ. ಉಪ್ಪಿರುವ ಕಡೆಗೇ ಹೋಗಿದ್ದ, ಅವನ ಹಟ ನೋಡಿ. ಆಗ ನಮ್ಮ ಮಗಳು ಸಾಕಿಗೆ ಎಂಟು ವರ್ಷ.

ಆ ತಿಂಗಳು ಕನಸು ಬಿದ್ದಾಗ ಹರಿಗೋಲಿನಲ್ಲಿ ಕೂತಿದ್ದವನ ಬೆನ್ನು ನೋಡಿ ಎದ್ದು ಕೂತೆ. ಅಲ್ಲಿಯವರೆಗೆ ಯಾರೋ ಕಂಬಳಿ ಹೊದ್ದವನು ಇರುತ್ತಿದ್ದ. ಈಗ ಕಂಬಳಿ ಇಲ್ಲ. ಎಡ ಭುಜ ಜೋತುಬಿದ್ದ ಆ ಬೆನ್ನು ನನಗೆ ಗೊತ್ತಿಲ್ಲದ್ದೇ? ಹರಿಗೋಲು ನಮ್ಮ ದಡಕ್ಕೆ ಬರುತ್ತಿತ್ತು, ಅವನು ಮಾತ್ರ ನಮಗೆ ಬೆನ್ನು ಹಾಕಿ ಆಚೆ ದಡದ ಕಡೆ ಮುಖ ಮಾಡಿ ಕೂತಿದ್ದ. ಭುಜ ಅಲುಗುತ್ತಿತ್ತು. ಅಳುತ್ತಿದ್ದ. ಹನ್ನೊಂದು ವರ್ಷದಲ್ಲಿ ಆ ಹರಿಗೋಲು ನಡುನೀರಿನಿಂದ ಹತ್ತಿರ ಹತ್ತಿರ ಬಂದು, ಇನ್ನೇನು ಎರಡು ಮಾರು ದೂರಕ್ಕೆ ಬಂದಿತ್ತು. ದಡ ಮುಟ್ಟಿದರೆ ಇಳಿಯಲೇಬೇಕು. ಇಳಿಯಬೇಕಾದರೆ ತಿರುಗಲೇಬೇಕು. ತಿರುಗಿದಾಗ ಹೇಳಬೇಕಾದ ಒಂದೇ ಒಂದು ಮಾತು ನನ್ನ ಹತ್ತಿರ ಇತ್ತು. ಬಾಗಿಲು ತೆಗೆದಿದ್ದೇನೆ, ಬಾ.

ಹೀಗಿರುವಾಗ ಒಂದು ಬೆಳಗ್ಗೆ ಸಾಕಿ ಒಲೆಗೆ ಪುಳ್ಳೆ ಹಾಕುತ್ತಾ, ನನ್ನ ಕಡೆ ನೋಡದೆ, "ಅವ್ವಾ, ಚಲುವನ ಮನೇಲಿ ಒಪ್ಪವ್ರೆ," ಅಂದಳು.

"ಯಾವ ಚಲುವ?"

"ಎಷ್ಟು ಜನ ಚಲುವ ಅವ್ರೆ ನಮ್ಮೂರಲ್ಲಿ? ಮಾಳಜ್ಜಿ ಮೊಮ್ಮಗ."

"ಅವರದು ಅಚ್ಚಬಿಳಿ ಕಣೆ. ಹೋಗೋ ಮಗ್ಗುಲು."

"ಗೊತ್ತು."

"ಗೊತ್ತಿದ್ದೂ ಗೊತ್ತಿದ್ದೂ..."

"ಕೂಡಿಸಿದ್ರೆ ನಮ್ದು ಉಳಿಯಲ್ಲ ಅಂತ ನಂಗೂ ಗೊತ್ತು ಕಣವ್ವ," ಅಂದಳು. ಕಣ್ಣು ಹೊಗೆಗೆ ಕೆಂಪಾಗಿತ್ತೋ ಏನೋ. "ನಾನೂ ಅದೇ ರೊಟ್ಟಿ ತಿಂದವ್ಳು. ಅಪ್ಪನ್ನ ನಾನೂ ನೋಡಿವ್ನಿ. ಹನ್ನೊಂದು ವರ್ಷದಿಂದ ಬತ್ತಾನೇ ಐತೆ. ಅದು ದಡ ಮುಟ್ಟೋ ಹೊತ್ಗೆ ನಾನು ಮುದುಕಿ ಆಗಿರ್ತೀನಿ."

ಅವಳು ಹೇಳಿದ್ದರಲ್ಲಿ ಸುಳ್ಳಿಲ್ಲ. ಎರಡು ಮಗ್ಗುಲು ಒಂದು ಗಡಿಗೆಯಲ್ಲಿ ಬಾಳುವುದಿಲ್ಲ. ಹಿಂದೆ ದಾಸೇಗೌಡರ ಮನೆಯಲ್ಲಿ ಬಿಳಿ ಹೆಪ್ಪಿಗೆ ತಿಳಿಗೆಂಪು ಸೇರಿಸಿ ಎರಡನ್ನೂ ಉಳಿಸಿಕೊಳ್ಳಲು ನೋಡಿದ್ದರು. ಇಪ್ಪತ್ತು ದಿನ ಮನೆಮಂದಿಗೆಲ್ಲ ಎರಡು ಹರಿಗೋಲು ಕಂಡು, ಎದ್ದವರು ಒಬ್ಬರ ಮುಖ ಒಬ್ಬರು ನೋಡದೆ ಜಗಳವಾಡುತ್ತಿದ್ದರು. ಆಮೇಲೆ ಬಿಳಿಯದೇ ಗೆದ್ದಿತು. ಯಾವಾಗಲೂ ಅದೇ ಗೆಲ್ಲುವುದು. ಅದು ದಿನಾ ಬೀಳುವ ಕನಸು, ಗಟ್ಟಿ; ನಮ್ಮದು ಮಂಜು.

ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಚಲುವ ಒಳ್ಳೆಯ ಹುಡುಗ, ಗಾಣದ ಕೆಲಸ ಬಲ್ಲವನು, ಸಾಕಿಯನ್ನು ಕಂಡರೆ ಎಣ್ಣೆಯ ಅಳತೆ ತಪ್ಪುತ್ತಿದ್ದ. ಹೂಂ ಅಂದೆ. ಮದುವೆಗೆ ಮೂರು ತಿಂಗಳು ಅಂತಾಯಿತು. ಮಾರನೆಯ ದಿನ ಮಾಳಜ್ಜಿಯ ಮನೆಯ ಗಡಿಗೆಗೆ ಒಂಬತ್ತರ ಬದಲು ಹನ್ನೆರಡು ಏಟು ಹಾಕಿದೆ.

ನನ್ನ ಲೆಕ್ಕ ಇಷ್ಟೆ: ಅವರದನ್ನು ಪೂರಾ ಕರಗಿಸುವುದು ಬೇಡ, ತಿಳಿಗೆಂಪಿಗೆ ಇಳಿಸಿದರೆ ಸಾಕು. ಎರಡೂ ತಿಳಿಗೆಂಪಾದರೆ ಸಮಸಮ. ಕೂಡಿಸುವಾಗ ನಮ್ಮ ಕಡೆಯದು ಒಂದು ಹಿಡಿ ಜಾಸ್ತಿ ಹಾಕಿದರೆ ನಮ್ಮ ಮಗ್ಗುಲೇ ನಿಲ್ಲುತ್ತದೆ. ಹರಿಗೋಲು ಬರುತ್ತಲೇ ಇರುತ್ತದೆ, ಮಗಳ ಮದುವೆಯೂ ಆಗುತ್ತದೆ. ಯಾರಿಗೆ ಏನು ನಷ್ಟ? ಹೀಗೆ ನನಗೆ ನಾನೇ ಹೇಳಿಕೊಂಡೆ.

ಮಾಳಜ್ಜಿ ಚಲುವನ ಅಪ್ಪನ ಅವ್ವ, ಆ ಮನೆಗೆಲ್ಲ ಹಿರಿಯಳು. ಹಲ್ಲಿಲ್ಲದಿದ್ದರೂ ಊರಿನಲ್ಲಿ ಅವಳಷ್ಟು ಖುಷಿಯಾಗಿ ಏಳುವವರು ಇನ್ನೊಬ್ಬರಿಲ್ಲ. ನಾನು ಹೋಗುವ ಹೊತ್ತಿಗೆ ಜಗಲಿಯ ಬಿಸಿಲಲ್ಲಿ ಕೂತು ಒಬ್ಬಳೇ ನಗುತ್ತಾ, ರೊಟ್ಟಿಯ ತುದಿಯನ್ನು ನೀರಲ್ಲಿ ಅದ್ದಿ ಅದ್ದಿ ತಿನ್ನುತ್ತಿದ್ದಳು. ಆ ಮನೆಯವರೆಲ್ಲ ಹಾಗೆಯೇ, ಎದ್ದ ತಕ್ಷಣ ಹಸಿವು. ಮುಖ ತೊಳೆಯುವ ಮುಂಚೆ ರೊಟ್ಟಿಯ ಬುಟ್ಟಿಗೆ ಕೈ ಹಾಕುವ ಮನೆ ಅಂತ ಊರೆಲ್ಲ ಆಡಿಕೊಳ್ಳುತ್ತಿತ್ತು. ನನ್ನನ್ನು ಕಂಡರೆ ಮಾಳಜ್ಜಿ ಏನೋ ಹೇಳುವವಳಂತೆ ಬಾಯಿ ತೆರೆದು, ಸುಮ್ಮನಾಗಿ, "ಉಂಡ್ಯಾ ದೇವೀರಿ?" ಅಂತ ಕೇಳುತ್ತಿದ್ದಳು. ಹನ್ನೊಂದು ವರ್ಷದಿಂದ ಹಾಗೆಯೇ ಕೇಳುತ್ತಿದ್ದಳು. ಮುದುಕಿಗೆ ತಿನ್ನುವುದೊಂದೇ ಯೋಚನೆ ಅಂದುಕೊಳ್ಳುತ್ತಿದ್ದೆ.

ಹನ್ನೆರಡು ಹದಿನೆಂಟಾಯಿತು. ಹದಿನೆಂಟು ಇಪ್ಪತ್ತೈದಾಯಿತು. ಹಾಲಿನಂತಿದ್ದ ಹಿಟ್ಟು ಒಂದು ತಿಂಗಳಿಗೆ ಮಾಸಲಾಗಿ, ಆಮೇಲೆ ದಾಸವಾಳದ ನೀರು ಬಿದ್ದ ಹಾಗೆ ಬಣ್ಣ ತಿರುಗಿತು. ಬೇಸಗೆ ಹತ್ತಿರವಾಗಿತ್ತು, ಬಿಸಿಲಿಗೆ ಹೆಪ್ಪು ಸೊರಗುವುದುಂಟು, ಯಾರಿಗೂ ಅನುಮಾನ ಬರಲಿಲ್ಲ. ಸಾಕು ಅನ್ನಿಸಿ ಮತ್ತೆ ಒಂಬತ್ತಕ್ಕೆ ಇಳಿದೆ. ಆಗಲೇ ಆ ಮನೆಯವರು ಒಲೆಯ ಸುತ್ತ ನಿಂತಿದ್ದಾಗ ಮಾಳಜ್ಜಿ ನನ್ನ ಕೈ ಹಿಡಿದುಕೊಂಡಳು.

"ದೇವೀರಿ, ನಂಗೆ ದಿನಾ ಬೀಳ್ತಿಲ್ಲ ಕಣವ್ವ. ನಾಕು ದಿನಕ್ಕೊಂದು ಸಲ ಬಿದ್ರೆ ಹೆಚ್ಚು. ಇನ್ನೊಂದು ನಾಕು ಏಟು ಹಾಕು ನಮ್ಮವ್ವ. ನಿನ್ನ ಕೈಗುಣ ಚೆನ್ನಾಗೈತೆ."

"ಒಂಬತ್ತೇ ಸಾಕು ಅಜ್ಜಿ."

"ಯಾಕವ್ವ ಸಾಕು? ಬೀಗಿತಿ ಆಗೋಳು ನೀನು, ಒಂದು ನಾಕು ಏಟಿಗೆ ಜಿಪುಣತನ ಮಾಡ್ತೀಯಾ?"

ಎಲ್ಲರೂ ನಕ್ಕರು. ಜಾಸ್ತಿ ಕಡಿದರೆ ಕರಗುತ್ತದೆ ಅಂತ ಹೇಳಿದರೆ, ಇಷ್ಟು ದಿನ ಏನು ಮಾಡಿದೆ ಅನ್ನುವುದನ್ನೂ ಹೇಳಬೇಕಾಗುತ್ತಿತ್ತು. ನಾಲ್ಕು ಏಟು ಹಾಕಿದೆ. "ಇನ್ನೊಂದು ನಾಕು," ಅಂದಳು. ಹಾಕಿದೆ. ಅವಳು ಪಕ್ಕದಲ್ಲಿ ಕೂತು, ಪ್ರತಿ ಏಟಿಗೂ ಕೈ ಮುಗಿಯುತ್ತಿದ್ದಳು. ದಿನಾ ಇದೇ ಆಯಿತು. ಅವಳು ಬೇಡುವುದು, ನಾನು ಕಡಿಯುವುದು. ಮದುವೆಗೆ ಇಪ್ಪತ್ತು ದಿನ ಇದೆ ಅನ್ನುವಾಗ ಅವರ ಗಡಿಗೆಯ ಮುಚ್ಚಳ ತೆಗೆದರೆ ಹಿಟ್ಟು ಇಟ್ಟಿಗೆಗೆಂಪು. ಮಾಳಜ್ಜಿ ಜಗಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ರೊಟ್ಟಿ ಪಕ್ಕದಲ್ಲಿತ್ತು, ಮುಟ್ಟಿರಲಿಲ್ಲ.

ಪಾಪ ಅನ್ನಿಸಿತು. ಸುಳ್ಳು ಹೇಳುವುದಿಲ್ಲ, ಪಾಪದ ಕೆಳಗೆ ಸ್ವಲ್ಪ ನೆಮ್ಮದಿಯೂ ಇತ್ತು. ಇನ್ನು ನನ್ನ ಹರಿಗೋಲಿಗೆ ಅಡ್ಡಿಯಿಲ್ಲ.

ಒಂದೇ ವಾರ. ಎಂಟನೆಯ ದಿನ ಮನೆಗೆ ಬಂದು ನನ್ನ ಗಡಿಗೆ ತೆಗೆದರೆ ಅದೂ ಕೆಂಪು.

ತಗಡು ಕೈಯಲ್ಲಿ ಹಾಗೇ ಹಿಡಿದುಕೊಂಡು ಒಲೆಯ ಮುಂದೆ ಕುಕ್ಕರಿಸಿದೆ. ಆಮೇಲೆ ತಗಡಿನ ಅಂಚಿನ ಕಡೆ ಕಣ್ಣು ಹೋಯಿತು. ಮಾಳಜ್ಜಿಯ ಮನೆಯ ಕೆಂಪು ಹಿಟ್ಟು ಅದಕ್ಕೆ ಮೆತ್ತಿತ್ತು. ಒಂದು ಮನೆ ಆದ ಮೇಲೆ ತಗಡು ತೊಳೆದೇ ಇನ್ನೊಂದು ಮನೆಗೆ ಹೋಗಬೇಕು, ಅದು ಕಟ್ಟುನಿಟ್ಟು. ಎಲ್ಲ ಮನೆಯಲ್ಲೂ ತೊಳೆಯುತ್ತಿದ್ದೆ. ಮಾಳಜ್ಜಿಯ ಮನೆ ಮಾತ್ರ ನನ್ನ ಸುತ್ತಿನಲ್ಲಿ ಕೊನೆಯದು. ಅಲ್ಲಿಗೆ ಹೋಗುವ ಹೊತ್ತಿಗೆ ತೋಳು ಸೋತಿರುತ್ತಿತ್ತು, ಮನೆಗೆ ಹೋಗಿ ತೊಳೆದರಾಯಿತು ಅಂತ ಬಂದು, ನನ್ನ ಗಡಿಗೆಗೆ ಅದೇ ತಗಡಿನಲ್ಲಿ ಒಂಬತ್ತು ಏಟು ಹಾಕಿ ಆಮೇಲೆ ತೊಳೆಯುತ್ತಿದ್ದೆ. ವರ್ಷವರ್ಷದಿಂದ ಹಾಗೆಯೇ. ಅವರ ಬಿಳಿಯ ಒಂದು ಸವರು ದಿನಾ ನನ್ನ ಗಡಿಗೆಗೆ ಬೀಳುತ್ತಿತ್ತು. ಆ ಗಟ್ಟಿ ಕನಸಿನ ಚೂರು ನಮ್ಮ ಹಿಟ್ಟಿಗೆ ಬಿದ್ದು, ನಮ್ಮ ಮನೆಯ ಗಾಳಿಗೋ ನೀರಿಗೋ ಮಗ್ಗುಲು ಬದಲಿಸಿ, ಹೋಗುವುದು ಬರುವುದಾಗಿ, ತೆಳ್ಳಗಾಗಿ ಬದುಕಿಕೊಂಡಿತ್ತು. ನಮ್ಮದು ಅಂತ ಬೇರೆ ಕನಸು ಇರಲೇ ಇಲ್ಲ. ಅವರ ದಡದಿಂದ ಹೊರಟ ಹರಿಗೋಲೇ ನನ್ನ ದಡಕ್ಕೆ ಬರುತ್ತಿತ್ತು. ನಾನು ಅದು ಹೊರಡುವ ದಡವನ್ನೇ ಕಡಿದು ಹಾಕಿದ್ದೆ.

ಆಮೇಲಿನ ಹನ್ನೆರಡು ದಿನ ಹೇಗೆ ಕಳೆದವೋ. ಮಲಗಿದರೆ ಮಲಗಿದೆ, ಎದ್ದರೆ ಎದ್ದೆ. ಸಾಕಿ ಗಡಿಗೆಯನ್ನು ನೋಡಿ ಮುಚ್ಚಳ ಮುಚ್ಚಿ ನನ್ನ ಬೆನ್ನು ಸವರಿದಳು. ಅದರಿಂದ ಇನ್ನೂ ಸಂಕಟವಾಯಿತು.

ಮದುವೆ ಆಯಿತು. ಮೂರನೆಯ ದಿನ ಮಾಳಜ್ಜಿಯ ಅಂಗಳದಲ್ಲಿ ಮರದ ದೊಡ್ಡ ಮರಿಗೆ ಇಟ್ಟು, ಊರಿಗೆಲ್ಲ ಆಗುವಷ್ಟು ಹಿಟ್ಟು ಕಲಸಿದರು. ಗಾಣದ ಮನೆಯ ಮದುವೆ, ಕೈ ಬಿಗಿ ಹಿಡಿಯಲಿಲ್ಲ. ಅಷ್ಟು ಹಿಟ್ಟನ್ನು ಒಂದೇ ಕಡೆ ನಾನು ಕಂಡಿರಲಿಲ್ಲ. ಎರಡು ಗಡಿಗೆಯ ಹೆಪ್ಪನ್ನೂ ತಂದಿಟ್ಟಾಗ ಜನ ಒಬ್ಬರನ್ನೊಬ್ಬರು ತಿವಿದರು. ಎರಡೂ ಕೆಂಪು. ಕೆಂಪಿಗೆ ಕೆಂಪು ಕೂಡಿಸಿದರೆ ಹೇಳಿಕೊಳ್ಳುವುದಕ್ಕೆ ಏನಿರುತ್ತದೆ, ಶಾಸ್ತ್ರ ಬಿಟ್ಟು ರೊಟ್ಟಿ ಸುಡೋಣ ಅಂತ ಯಾರೋ ಅಂದರು.

"ಅದೆಂಗೆ ಬಿಡ್ತೀರಿ?" ಮಾಳಜ್ಜಿ ಕೋಲು ಊರಿಕೊಂಡು ಬಂದು ಮರಿಗೆಯ ಪಕ್ಕ ಕೂತಳು. "ಕನಸು ಹೋದ್ರೆ ಕಂಡಿದ್ದೂ ಹೋಯ್ತದಾ? ನಾನು ಇದಕ್ಕೇ ಅಂತ ಕಾದಿರೋದು. ಹೆಣ್ಣಿನ ಕಡೆಯವ್ರು ಮೊದ್ಲು. ಹೇಳವ್ವ ದೇವೀರಿ, ನಿಮ್ಮ ಮಗ್ಗುಲಲ್ಲಿ ಏನು ಕಾಣ್ತಿತ್ತು?"

ಊರೆಲ್ಲ ನೋಡುತ್ತಿತ್ತು. "ಹರಿಗೋಲು ಬತ್ತಿತ್ತು," ಅಂದೆ. "ಸಾಕಿ ಅಪ್ಪ ಅದ್ರಲ್ಲಿ ಕೂತಿತ್ತು. ಮುಖ ಕಾಣ್ತಿರ್ಲಿಲ್ಲ. ಬೆನ್ನು ಕಾಣ್ತಿತ್ತು. ಭುಜ ಅಲುಗಿಸ್ಕಂಡು ಅಳ್ತಿತ್ತು. ಹನ್ನೊಂದು ವರ್ಷನೂ ಅಳ್ತಾನೇ ಇತ್ತು."

ಮಾಳಜ್ಜಿ ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದಳು. ಆಮೇಲೆ ಅವಳ ಬೊಚ್ಚು ಬಾಯಿ ಅಗಲವಾಯಿತು.

"ಯಾರು ಅಳೋದು? ನಿನ್ನ ಗಂಡ ಕೆಂಚಯ್ಯನಾ? ಅಯ್ಯೋ ಹುಚ್ಚಿ, ಅವ್ನು ಅಳ್ತಿರ್ಲಿಲ್ಲ ಕಣೆ. ಉಣ್ತಿದ್ದ!"

ಅಂಗಳದಲ್ಲಿದ್ದವರೆಲ್ಲ ಮರಿಗೆಯ ಹತ್ತಿರ ಸರಿದರು.

"ನಮ್ಮ ದಡಕ್ಕೆ ಮುಖ ಮಾಡಿ ಕೂತಿರ್ತಿದ್ದ," ಅಂದಳು ಮಾಳಜ್ಜಿ. "ತೊಡೆ ಮೇಲೆ ರೊಟ್ಟಿ. ಮೂರು ಗೀರಿನ ರೊಟ್ಟಿ, ಊರಲ್ಲಿ ಮೂರು ಗೀರು ಹಾಕೋದು ನೀನೊಬ್ಳೇ ಅಲ್ವಾ? ಒಂದು ಚೂರು ಮುರ್ಕತಿದ್ದ. ಸೊಂಟದ ಗಂಟು ಬಿಚ್ಚಿ ಹಿಂಗೆ ಒಂದು ಚಿಟಿಕೆ ಉಪ್ಪು ಉದುರಿಸ್ಕತಿದ್ದ. ಬಾಯ್ಗೆ ಹಾಕ್ಕಂಡು ಭುಜ ಕುಣಿಸ್ಕಂಡು ಅಗೀತಿದ್ದ. ಬೆರಳು ನೆಕ್ಕಿ ನಗ್ತಿದ್ದ. ಆ ಪಾಟಿ ರುಚಿಯಾಗಿ ಉಣ್ಣೋರ್ನ ನಾನು ಎಚ್ಚರದಲ್ಲೂ ನೋಡಿಲ್ಲ. ದಿನಾ ಅದನ್ನ ನೋಡಿ ನೋಡಿ ನಮ್ಮನೆಯವ್ರೆಲ್ಲ ಹಸ್ಕಂಡು ಏಳ್ತಿದ್ದೋ. ನಿನ್ನ ಬಾಡಿದ ಮುಖ ಕಂಡಾಗೆಲ್ಲ ಹೇಳ್ಬುಡ್ಬೇಕು ಅನ್ನಿಸ್ತಿತ್ತು. ಹೇಳಂಗಿಲ್ವಲ್ಲ! ಅದಕ್ಕೇ ಚಲುವ ನಿನ್ನ ಮಗಳ ಹೆಸ್ರು ತೆಗ್ದಾಗ ಮನೇಲಿ ನಾನೇ ಮೊದ್ಲು ಹೂಂ ಅಂದಿದ್ದು. ಗಡಿಗೆ ಕೂಡಿದ್ರೆ ಹೇಳ್ಬೋದು ಅಂತ. ಕೂಡಿದ್ರೆ ನೀನೂ ಅವನ ಮುಖ ನೋಡ್ಬೋದು ಅಂತ."

ಬೆಕ್ಕು ನೆನಪಾಯಿತು. ಪೊರಕೆಯ ಏಟು ತಿಂದು ಓಡಿಹೋದ ಬೆಕ್ಕು. ಕಿಟಕಿಯ ಕಟ್ಟೆ ನೆನಪಾಯಿತು. ನನಗೆ ನಗು ಬಂತು, ತಡೆಯಲಾಗಲಿಲ್ಲ. "ಅಲ್ಲೂ ಉಪ್ಪು ಸಾಲ್ದೇನು ಆ ಮನುಷ್ಯಂಗೆ!" ಅಂತ ಕೂಗಿದೆ. ಸಾಕಿಯೂ ನಕ್ಕಳು, ಊರೂ ನಕ್ಕಿತು. ಅಷ್ಟರಲ್ಲಿ ನನ್ನ ನಗು ಅಳುವಾಗಿತ್ತು. ನಾನು ಹೆದರಿದ್ದು ಈ ಕೂಡಿಸುವಿಕೆಗೆ. ಅವನ ಮುಖ ನೋಡುವ ದಾರಿ ಇದ್ದದ್ದು ಇದೊಂದೇ.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ತಪ್ಪು ಬಿಸಿಲಿನ ಮೇಲೆ ಹೋಗುತ್ತಿತ್ತು. ಆದರೆ ಮುದುಕಿ ನನ್ನ ಕಣ್ಣು ಒರೆಸಲು ಸೆರಗು ಚಾಚಿದಳು. ಅದನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ.

"ಮುಟ್ಬೇಡ ಅಜ್ಜಿ," ಅಂದೆ. "ನಿಮ್ಮ ಹೆಪ್ಪು ಬಿಸಿಲಿಗೆ ಹೋಗ್ಲಿಲ್ಲ. ನಾನೇ ಕಡಿದು ಕಡಿದು ಕರಗಿಸ್ದೆ. ಬೇಕು ಅಂತ್ಲೇ ಮಾಡ್ದೆ. ಜಾಸ್ತಿ ಕಡಿದ್ರೆ ಹೋಯ್ತದೆ ಅಂತ ನಂಗೆ ಗೊತ್ತಿತ್ತು."

ಸೆರಗು ಹಿಡಿದ ಕೈ ಹಾಗೇ ನಿಂತಿತು. ಅವಳ ಮುಖದಲ್ಲಿದ್ದ ನಗು ಹೋಗಲು ಸ್ವಲ್ಪ ಹೊತ್ತು ಹಿಡಿಯಿತು, ಹೋದದ್ದು ಕಾಣಿಸಿತು.

"ನಾನು ಪಕ್ಕದಲ್ಲಿ ಕೂತು ಬೇಡ್ಕತಿದ್ದೆ," ಅಂದಳು. "ಇನ್ನು ನಾಕು, ಇನ್ನು ನಾಕು ಅಂತ. ಕೈ ಮುಗೀತಿದ್ದೆ. ನೀನು ಕಡೀತಾನೇ ಇದ್ದೆ."

"ಹೂಂ ಅಜ್ಜಿ."

"ನನ್ನ ಬೆಳಗ್ಗೆಗಳ್ನೆಲ್ಲ ಪುಡಿ ಮಾಡಾಕ್ಬುಟ್ಟಲ್ಲೇ," ಅಂದಳು. ಬೈಗುಳ ಬಂದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಬರಲಿಲ್ಲ. ಕೈ ಚಾಚಿ ನನ್ನ ತಗಡು ಕಿತ್ತುಕೊಂಡಳು. ಮದುವೆ ಮುರಿಯಿತು ಅಂತಲೇ ನಾನು ಅಂದುಕೊಂಡೆ. ಸಾಕಿ ಮುಖ ಬಿಳುಚಿಕೊಂಡು ಚಲುವನ ಪಕ್ಕ ನಿಂತಿದ್ದಳು. ಮಾಳಜ್ಜಿ ತಗಡನ್ನು ತನ್ನ ಸೆರಗಿನಲ್ಲಿ ಒರೆಸಿ, ಒರೆಸಿ, ಸಾಕಿಯ ಕೈಗೆ ಕೊಟ್ಟಳು. "ಒಂಬತ್ತು," ಅಂದಳು. "ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ. ಇವತ್ತಿಂದ ನೀನೇ." ಆಮೇಲೆ ನನ್ನ ಕಡೆ ತಿರುಗದೆ ಒಳಗೆ ಹೋದಳು.

ಸಾಕಿ ಒಂಬತ್ತು ಏಟು ಹಾಕಿದಳು. ಕೆಂಪು ಹೆಪ್ಪು ಆ ರಾಶಿ ಹಿಟ್ಟಿನೊಳಗೆ ಹೋಯಿತು. ಊರೆಲ್ಲ ಆ ರೊಟ್ಟಿ ತಿಂದಿತು. ನಾನೂ ತಿಂದೆ, ನನ್ನ ಪಾಲಿನ ಮುಷ್ಟಿ ಹಿಟ್ಟನ್ನು ಮನೆಗೆ ತಂದೆ. ಅಂದಿನಿಂದ ತಗಡು ಮುಟ್ಟಿಲ್ಲ.

ಹಿಟ್ಟು ರಾಶಿಬಿದ್ದಾಗ ಅದರೊಳಗೆ ಯಾವುದೋ ಮೂಲೆಯಲ್ಲಿ ಕನಸು ತನ್ನಷ್ಟಕ್ಕೆ ತಾನೇ ಹುಟ್ಟುವುದುಂಟು ಅಂತ ಅತ್ತೆ ಒಮ್ಮೆ ಹೇಳಿದ್ದಳು. ನಿಜವೋ ಏನೋ, ಮದುವೆಯ ರೊಟ್ಟಿ ತಿಂದ ಆ ವಾರವೆಲ್ಲ ಊರಿಗೆ ಏನೇನೋ ಬಿತ್ತಂತೆ. ಯಾರೂ ಬಾಯಿ ಬಿಟ್ಟು ಹೇಳುವಂತಿಲ್ಲ, ಆದರೂ ನಡಿಗೆಯಲ್ಲಿ ಗೊತ್ತಾಗುತ್ತದೆ. ಒಬ್ಬ ನೀರಿನಲ್ಲಿ ನಡೆದವನಂತೆ ಪಂಚೆ ಎತ್ತಿಕಟ್ಟಿಕೊಂಡು ಬೀದಿಯಲ್ಲಿ ಹೋದ. ಇನ್ನೊಬ್ಬಳು ಬಾವಿಯ ಹತ್ತಿರ ಬಂದು ತಲೆಕೆಳಗಾಗಿ ಬಗ್ಗಿ ನೋಡಿದಳು. ಆಮೇಲೆ ಅವರವರ ಮನೆಯ ಹಳೆಯ ಹೆಪ್ಪು ಅವನ್ನೆಲ್ಲ ನುಂಗಿಕೊಂಡು ಊರು ಮೊದಲಿನಂತಾಯಿತು. ನಮ್ಮ ಎರಡು ಮನೆಯಲ್ಲಿ ನುಂಗಲು ಹಳೆಯದೇ ಇರಲಿಲ್ಲ. ಹಿಟ್ಟು ಕೆಂಪಗೇ ಇತ್ತು.

ಎಂಟು ತಿಂಗಳು ಮಾಳಜ್ಜಿ ನನ್ನ ಜೊತೆ ಮಾತಾಡಲಿಲ್ಲ. ಅವಳ ಜಗಲಿಯ ಮುಂದೆ ಹೋಗುವಾಗ ನಾನು ತಲೆ ತಗ್ಗಿಸುತ್ತಿದ್ದೆ. "ಉಂಡ್ಯಾ ದೇವೀರಿ?" ಅನ್ನುವ ಮಾತು ಕಿವಿಗೆ ಬೀಳುವುದಿಲ್ಲ ಅಂತ ಗೊತ್ತಿದ್ದೂ ಅಲ್ಲಿ ಹೆಜ್ಜೆ ನಿಧಾನ ಮಾಡುತ್ತಿದ್ದೆ.

ಒಂದು ಬೆಳಗ್ಗೆ ಸಾಕಿ ಕಂಕುಳಲ್ಲಿ ಗಡಿಗೆ ಇಟ್ಟುಕೊಂಡು ಓಡಿ ಬಂದಳು. ಅವಳಿಗೆ ಆಗ ಏಳು ತಿಂಗಳು ತುಂಬಿತ್ತು, ಓಡಬಾರದು ಅಂತ ಬೈಯುವಷ್ಟರಲ್ಲಿ ಮುಚ್ಚಳ ತೆಗೆದು ತೋರಿಸಿದಳು. ಕೆಂಪು ಹಿಟ್ಟಿನ ಮೇಲೆ ಎಳ್ಳುಕಾಳಿನಷ್ಟು ಬಿಳಿ. "ಅಜ್ಜಿ ಕರೀತೈತೆ," ಅಂದಳು. "ನಿನ್ನನ್ನೇ."

ಹೋದೆ. ಮಾಳಜ್ಜಿ ಬಿಸಿಲಲ್ಲಿ ಕೂತಿದ್ದಳು. ಪಕ್ಕದಲ್ಲಿ ಕೂರು ಅನ್ನಲಿಲ್ಲ, ಆದರೆ ಚಾಪೆಯ ತುದಿಯನ್ನು ಕೋಲಿನಿಂದ ಸರಿಮಾಡಿದಳು. ಕೂತೆ. "ನಂಗೆ ನಿನ್ನೆ ಬಿತ್ತು," ಅಂದಳು. "ನಿಂಗೂ ಬೀಳ್ತದೆ. ಬಿದ್ದ ಮೇಲೆ ಬಂದು ಹೇಳು. ಈಗ ನಾವು ಒಂದೇ ಗಡಿಗೆಯವ್ರು." ಕೋಲನ್ನು ಪಕ್ಕಕ್ಕಿಟ್ಟು, "ಇದ್ರಲ್ಲಿ ಹಸಿವಾಗಲ್ಲ ಕಣೆ. ಆದ್ರೂ ಒಂದು ರೊಟ್ಟಿ ತಂದ್ಕೊಡು," ಅಂದಳು. ನಾನು ಒಳಗೆ ಹೋಗಿ ರೊಟ್ಟಿ ತಂದು, ತುದಿ ಮುರಿದು, ನೀರಲ್ಲಿ ಅದ್ದಿ ಕೊಟ್ಟೆ.

ಹತ್ತು ದಿನಕ್ಕೆ ನನಗೂ ಬಿತ್ತು. ಹೋಗುವುದೂ ಅಲ್ಲದ, ಬರುವುದೂ ಅಲ್ಲದ ಹೊಸ ಮಗ್ಗುಲು. ಹೊಳೆ ಇದೆ. ಹರಿಗೋಲು ದಡಕ್ಕೆ ತಾಗಿ ನಿಂತಿದೆ, ಹಗ್ಗವನ್ನು ಒಂದು ಬೇರಿಗೆ ಕಟ್ಟಿದೆ. ಅದರಲ್ಲಿ ಯಾರೂ ಇಲ್ಲ. ಒಳಗೆ ರೊಟ್ಟಿಯ ಪುಡಿ, ನಾಲ್ಕು ಕಾಳು ಉಪ್ಪು. ಕೆಸರಿನಲ್ಲಿ ಹೆಜ್ಜೆ ಇವೆ. ಯಾವ ಕಡೆ ಹೋದವು ಅಂತ ನೋಡುವಷ್ಟರಲ್ಲಿ ಎಚ್ಚರವಾಗುತ್ತದೆ.

ಇಷ್ಟನ್ನೂ ಹೊರಗಿನವರಾದ ನಿಮಗೆ ಹೇಳಿದ್ದೇನೆ. ಹಳಸಿದರೆ ಹಳಸಲಿ. ಹೇಳದೆ ಇದ್ದು ಆದದ್ದು ಸಾಕು. ಈಗ ನಾನು ಹಿಟ್ಟಿಗೆ ಒಂದು ಚಿಟಿಕೆ ಉಪ್ಪು ಜಾಸ್ತಿ ಹಾಕುತ್ತೇನೆ. ಸಾಕಿ ಮುಖ ಸಿಂಡರಿಸುತ್ತಾಳೆ, ಅವಳ ಮಗ ಮಾತ್ರ ಚಪ್ಪರಿಸಿಕೊಂಡು ತಿನ್ನುತ್ತಾನೆ. ಮೊದಲ ರೊಟ್ಟಿಯನ್ನು ಕಿಟಕಿಯ ಕಟ್ಟೆಯ ಮೇಲೆ ಆರಲು ಇಡುತ್ತೇನೆ. ಹಿತ್ತಲ ಬಾಗಿಲಿಗೆ ಚಿಲಕ ಹಾಕುವುದನ್ನು ಬಿಟ್ಟಿದ್ದೇನೆ.